ಯಮನ ಕೆನ್ನೆಯ ಗೆಜ್ಜೆ

ಹೇಮಾವತಿಯ ದಡದಲ್ಲಿ ಮಾಯಣ್ಣಾಚಾರ್ ಎಂಬ ವೇಷಗಾರರಿದ್ದರು. ಬಯಲಾಟದವರಿಗೆ ಕಿರೀಟ, ಭುಜಕೀರ್ತಿ, ಎದೆಹಾರ ಮಾಡಿಕೊಡುವುದು ಅವರ ಕಸುಬು. ನಂಜುಂಡಿ ಎಂಬ ಶಿಷ್ಯ ಏಳು ವರ್ಷದಿಂದ ಅವರ ಬಳಿ ಮರ ಕೆತ್ತುತ್ತಿದ್ದ.

ಗುರುಗಳು ಮಾಡಿದ್ದರಲ್ಲೆಲ್ಲ ಹೆಸರಾದದ್ದು ಯಮನ ವೇಷ. ಮೈಗೆ ಬರೀ ಕಪ್ಪು ಬಟ್ಟೆ. ಕಿರೀಟಕ್ಕೆ ಒಂದು ಚಿನ್ನದ ರೇಕೂ ಇಲ್ಲ. ಆದರೆ ಅದರ ಅಂಚಿನಿಂದ ಎರಡು ಕೆನ್ನೆಯ ಮೇಲೂ ಒಂದೊಂದು ಗೆಜ್ಜೆಸರ ಇಳಿಬಿದ್ದಿರುತ್ತಿತ್ತು.

ಯಮ ಬಂದು ನಿಂತು ಬಾಯಿ ತೆರೆದರೆ ಮೊದಲು ಗೆಜ್ಜೆ ನಡುಗುತ್ತಿತ್ತು. ಮಾತು ಆಮೇಲೆ ಬರುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ಕೂತವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು.

ನಂಜುಂಡಿ ಚಿಕ್ಕವನಿದ್ದಾಗ ಅದನ್ನೊಮ್ಮೆ ನೋಡಿ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದ್ದ. ಅವನು ಈ ಕಸುಬಿಗೆ ಬಂದದ್ದೇ ಆ ಸದ್ದಿನ ಬೆನ್ನು ಹತ್ತಿ.

ಯಮನಿಗೆ ಗೆಜ್ಜೆ ಯಾಕೆ ಎಂದು ಓದಿದವರು ಬಂದು ಕೇಳುತ್ತಿದ್ದರು. ಅದು ಕಾಲದ ನಾದ ಎಂದು ಒಬ್ಬರು. ಪ್ರಾಣ ದೇಹ ಬಿಡುವ ಸದ್ದು ಎಂದು ಇನ್ನೊಬ್ಬರು. ಗುರುಗಳು ಎಲ್ಲರಿಗೂ ಹೂಂ ಎಂದು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಯಮನ ಪಾತ್ರದ ಮರಿಯಣ್ಣ ಮುದುಕನಾಗಿ ಆಟ ಬಿಟ್ಟ. ಮೇಳದವರು ಶಿವಲಿಂಗು ಎಂಬ ಹೊಸಬನನ್ನು ಯಮನಾಗಿ ಆರಿಸಿದರು.

ಗುರುಗಳು ಹೇಳಿದರು, "ಈ ವೇಷ ನೀನೇ ಮಾಡು ನಂಜುಂಡಿ. ನಾನು ಕೈ ಹಾಕಲ್ಲ."

ಗುರುಗಳದ್ದೊಂದು ಪದ್ಧತಿ ಇತ್ತು. ಮರಕ್ಕೆ ಉಳಿ ಇಡುವ ಮೊದಲು ವೇಷ ತೊಡುವವನ ಮನೆಗೆ ಹೋಗಿ ಒಂದು ಹೊತ್ತು ಉಂಡು ಬರುವರು. ಬರುವಾಗ ಅವನು ಉಟ್ಟು ಹಳತಾದ ಒಂದು ಬಟ್ಟೆ ತರುವರು. ಕಿರೀಟದ ಒಳಮೈಗೆ ಅದನ್ನೇ ಅಂಟಿಸುವರು.

ಗುರುಗಳಿಗೆ ವಯಸ್ಸಾಗಿದೆ, ಊಟದ ಆಸೆ ಎಂದೇ ನಂಜುಂಡಿ ತಿಳಿದಿದ್ದ. ಅವನು ಶಿವಲಿಂಗುವಿಗೆ ಹೇಳಿ ಕಳಿಸಿದ, "ತಲೆಯ ಸುತ್ತಳತೆಗೆ ಒಂದು ದಾರ ಕಳಿಸಿ. ಅಷ್ಟು ಸಾಕು."

ದಾರ ಬಂತು. ನಂಜುಂಡಿ ಹಗಲೂ ರಾತ್ರಿ ಕೆತ್ತಿದ. ಗುರುಗಳು ಒಂದೊಂದು ಸರ ಕಟ್ಟಿದ್ದರೆ ಇವನು ಆರಾರು ಕಟ್ಟಿದ. ಒಟ್ಟು ನೂರೆಂಟು ಗೆಜ್ಜೆ. ನೋಡಿದವರು ಇದು ಯಾರ ಕೈಕೆಲಸ ಎಂದು ಕೇಳಬೇಕು ಎಂಬ ಆಸೆ ಅವನಿಗೆ ಬಲವಾಗಿತ್ತು.

ಆಟದ ದಿನ ಶಿವಲಿಂಗು ರಂಗಕ್ಕೆ ಬಂದ. ಅವನ ಮಾತು ನೀರು ಹರಿದಂತೆ. ಮಾತಿಗೊಮ್ಮೆ ತಲೆ ಆಡಿಸುವ ಅಭ್ಯಾಸ ಬೇರೆ. ಗೆಜ್ಜೆಗಳು ಒಂದೇ ಸಮನೆ ಝಣಗುಟ್ಟಿ ಅವನ ಒಂದು ಮಾತೂ ಯಾರಿಗೂ ಕೇಳಲಿಲ್ಲ.

ಮುಂದಿನ ಸಾಲಿನ ಅಜ್ಜ ಕೂಗಿದ, "ಯಾರ ಮನೆ ಎತ್ತು ಬಿಚ್ಕೊಂಡ್ ಬಂತ್ರೋ?"

ಜನ ಬಿದ್ದು ಬಿದ್ದು ನಕ್ಕರು. ಯಮ ರಂಗದ ನಡುವೆ ನಿಂತೇ ಇದ್ದ.

ಮರುದಿನ ಬೆಳಿಗ್ಗೆ ಶಿವಲಿಂಗು ಬಂದು ಕಿರೀಟವನ್ನು ಜಗಲಿಯ ಮೇಲಿಟ್ಟ.

"ನನ್ ಮಗಳೂ ನಗ್ತಾ ಇದ್ಲು ಕಣಣ್ಣ," ಎಂದ. "ಹುಣ್ಣಿಮೆ ಆಟಕ್ಕೆ ಬೇರೆಯೋರನ್ನ ನೋಡ್ಕೊಳಿ. ನಾನಿನ್ನು ಬಣ್ಣ ಹಚ್ಚಲ್ಲ."

ಅವನು ಬೈದಿದ್ದರೆ ನಂಜುಂಡಿ ತಡೆದುಕೊಳ್ಳುತ್ತಿದ್ದ. ಬೈಯದೆ ಹೋದದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಅವನು ಗುರುಗಳ ಮುಂದೆ ಹೋಗಿ ನಿಂತ. "ಹುಲಿ ನೋಡಿ ನರಿ ಬರೆ ಹಾಕ್ಕೊಂತು ಅಂತ ಊರೆಲ್ಲ ಆಡ್ತಿದೆ. ನೀವು ಕಟ್ಟಿದ್ದೂ ಗೆಜ್ಜೆ, ನಾನು ಕಟ್ಟಿದ್ದೂ ಗೆಜ್ಜೆ. ನಾನು ತಪ್ಪಿದ್ದೆಲ್ಲಿ ಗುರುಗಳೇ?"

ಗುರುಗಳು ಅಟ್ಟದಿಂದ ಹಳೆಯ ಯಮನ ಕಿರೀಟವನ್ನು ಇಳಿಸಿ ಅವನ ಕೈಗಿಟ್ಟರು.

"ಇದನ್ನ ಮರಿಯಣ್ಣನಿಗೆ ತೋರಿಸ್ಕೊಂಡು ಬಾ. ಅಲ್ಲೇ ಉಂಡು ಬಾ."

ನಂಜುಂಡಿ ಹೊಳೆ ದಾಟಿ ಮರಿಯಣ್ಣನ ಮನೆಗೆ ಹೋದ. ರಂಗದ ಮೇಲಲ್ಲದೆ ಬೇರೆಲ್ಲೂ ಅವನನ್ನು ಕಂಡಿರಲಿಲ್ಲ. ಬಾಗಿಲಲ್ಲಿ ಒಬ್ಬ ಸಣಕಲು ಮುದುಕ ಎದ್ದು ನಿಂತ.

"ಕೂ... ಕೂ... ಕೂ..."

ಮುದುಕನ ದವಡೆ ನಡುಗಿತು. ಕಣ್ಣು ಮುಚ್ಚಿಕೊಂಡ. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು.

"ಕೂತ್ಕೋ," ಎಂದ ಕೊನೆಗೆ.

ಮರಿಯಣ್ಣನಿಗೆ ಮಾತು ತೊದಲು.

ನಂಜುಂಡಿ ಕೂರುವುದನ್ನೂ ಮರೆತು ನಿಂತ. ಮರಿಯಣ್ಣನ ಹೆಂಡತಿ ಕಾಳಮ್ಮ ತಟ್ಟೆ ಇಟ್ಟು ಮುದ್ದೆ ಬಡಿಸಿದಳು.

"ಮದುವೆಯಾದ ಹೊಸದರಲ್ಲಿ ಊರಿಗೆ ಊರೇ ಇವರನ್ನ ಅಣಕಿಸೋದು," ಎಂದಳು. "ಆಟದಲ್ಲಿ ಮಾತಿಲ್ಲದ ಪಾತ್ರನೇ ಕೊಡೋರು. ದೊಣ್ಣೆ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೊಳೋದು. ಒಂದಿನ ನಿಮ್ಮ ಗುರುಗಳು ಉಣ್ಣೋಕೆ ಬಂದಿದ್ರು. ಇವರು ಇನ್ನರ್ಧ ಮುದ್ದೆ ಹಾಕು ಅನ್ನೋಕೆ ಹೋಗಿ ಮಾತು ಸಿಕ್ಕಾಕ್ಕೊಂತು. ನಾನು ನಾಚಿಕೆಗೆ ತಲೆ ತಗ್ಗಿಸ್ಬಿಟ್ಟೆ."

"ಗುರುಗಳು?"

"ತುತ್ತು ಕೈಯಲ್ಲೇ ಹಿಡ್ಕೊಂಡು, ಮಾತು ಬರೋ ತನಕ ಹಂಗೇ ನೋಡ್ತಾ ಕೂತಿದ್ರು. ಎದ್ದು ಹೋಗೋವಾಗ ಇವರಿಗೆ ಹೇಳಿದ್ರು, ಯಮ ನೀನೇ ಅಂತ."

ಊಟವಾದ ಮೇಲೆ ಮರಿಯಣ್ಣ ಕಿರೀಟವನ್ನು ಕೈಗೆತ್ತಿಕೊಂಡ. ಅದರ ಒಳಮೈಯಲ್ಲಿ ಅವನದೇ ಹಳೆಯ ಪಂಚೆಯ ತುಂಡು ಹಾಗೇ ಇತ್ತು. ಅದನ್ನೊಮ್ಮೆ ಮುಟ್ಟಿ ನೋಡಿ ತಲೆಗಿಟ್ಟುಕೊಂಡ.

"ನಂ... ನಂ..."

ಅವನು ಹೇಳಹೊರಟದ್ದು ಎದುರಿಗಿದ್ದವನ ಹೆಸರು.

ದವಡೆಯ ಜೊತೆಗೇ ಎರಡು ಕೆನ್ನೆಯ ಗೆಜ್ಜೆ ನಡುಗಿತು. ಕಾಳಮ್ಮನ ಕೈಯ ಚೆಂಬು ಅಲ್ಲೇ ನಿಂತಿತು. ತೊದಲು ಎಂದು ಗೊತ್ತಿದ್ದೂ ನಂಜುಂಡಿಯ ಮೈಮೇಲೆ ಮುಳ್ಳೆದ್ದವು. ಮುದುಕ ಮಾತಿಗೆ ತಡಕಾಡುತ್ತಿಲ್ಲ, ಕರೆಯಲೋ ಬೇಡವೋ ಎಂದು ಯಮನೇ ಯೋಚಿಸುತ್ತಿದ್ದಾನೆ ಎನಿಸಿತು. ಆ ಹೆಸರು ಮುಗಿಯದಿರಲಿ ಎಂದು ಅವನು ನಿಜವಾಗಿಯೂ ಬೇಡಿಕೊಂಡ.

"ನಂಜುಂಡಿ," ಎಂದ ಮರಿಯಣ್ಣ.

ನಂಜುಂಡಿಯ ಕೈ ತಾನಾಗಿ ಮುಗಿದಿತ್ತು.

ಅವನು ಹಿಂದಿರುಗಿದಾಗ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತು ಮರದ ತುಂಡುಗಳನ್ನು ತೊಳೆಯುತ್ತಿದ್ದರು. ನಂಜುಂಡಿ ಕಾಲಿಗೆ ಬಿದ್ದು ಎದ್ದ.

"ಅವರ ತೊದಲು ಮುಚ್ಚೋಕೆ ಅಂತ ಗೆಜ್ಜೆ ಕಟ್ಟಿದ್ರಾ ಗುರುಗಳೇ?"

"ಮುಚ್ಚಬೇಕಾದ್ದಕ್ಕೆ ಯಾರಾದ್ರೂ ಗೆಜ್ಜೆ ಕಟ್ತಾರಾ?"

ನಂಜುಂಡಿ ಕೆಳಗಿನ ಮೆಟ್ಟಿಲಲ್ಲಿ ಕೂತು ತಾನೂ ಒಂದು ತುಂಡು ತೊಳೆಯತೊಡಗಿದ.

"ಶಿವಲಿಂಗುಗೆ ನಾನು ಏನು ಮಾಡ್ಲಿ?"

"ಸಿಟ್ಟು ಬಂದಾಗ ಅವನು ಕೂಗ್ತಾನಾ, ಸುಮ್ಮನಾಗ್ತಾನಾ?"

"ಗೊತ್ತಿಲ್ಲ."

"ಮಗಳನ್ನ ಏನಂತ ಕರೀತಾನೆ?"

"ಗೊತ್ತಿಲ್ಲ ಗುರುಗಳೇ."

"ನಡೆಯೋವಾಗ ಯಾವ ಕಾಲು ಮುಂದಿಡ್ತಾನೆ?"

ನಂಜುಂಡಿಗೆ ಗೊತ್ತಿದ್ದದ್ದು ಒಂದು ದಾರದ ಉದ್ದ ಮಾತ್ರ. ಹುಣ್ಣಿಮೆಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಮನೆಯೊಳಗೆ ಹೋಗಿ ಉಳಿ, ಸುತ್ತಿಗೆ, ಅಳತೆಯ ದಾರ ಎಲ್ಲವನ್ನೂ ಚೀಲಕ್ಕೆ ತುಂಬಿ ಹೆಗಲಿಗೇರಿಸಿ ಬಂದ.

"ಅವನ ಮನೆಗೆ ಹೋಗಿ ಬರ್ತೀನಿ," ಎಂದ.

ಗುರುಗಳು ಎದ್ದು ಬಂದು ಅವನ ಹೆಗಲಿನಿಂದ ಚೀಲ ಇಳಿಸಿಕೊಂಡರು.

"ಇದು ಇಲ್ಲೇ ಇರಲಿ. ಹಸ್ಕೊಂಡು ಹೋಗು."