ಟಿವಿಗೆ ಹಾಕಿದ ಹಾರ

ಒಲೆ, ಹಾಸಿಗೆ, ಪಾತ್ರೆ ಎಲ್ಲವನ್ನೂ ಹೊತ್ತು ಊರೂರು ತಿರುಗುವ ಒಂದು ಪ್ರವಾಸದ ವ್ಯಾನು. ಅದರೊಳಗಿನ ಟಿವಿಯನ್ನು ಹಲಗೆಗೆ ಬಿಗಿದು ಹಿಡಿದಿದ್ದುದು ಒಂದು ಹಳೆಯ ಕರಿ ಬೆಲ್ಟು. ಘಾಟಿಗಳಲ್ಲಿ ಅದರ ಎಳೆಗಳು ಸವೆದಿದ್ದವು, ಹಿಡಿತ ಸವೆದಿರಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಯಜಮಾನ ದ್ಯಾವಪ್ಪ ವ್ಯಾನು ತೊಳೆದು, ಟಿವಿಗೂ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದ. "ಪೂಜೆ ಮಾಡಿದ್ದನ್ನ ಕಟ್ಟಿಹಾಕಬಾರದು" ಎನ್ನುತ್ತ ಬೆಲ್ಟಿನ ಒಂದು ತುದಿಯನ್ನು ಬಿಚ್ಚಿ ಇಳಿಬಿಟ್ಟ. ವ್ಯಾನು ಹೊರಟಿತು.

"ಇಷ್ಟು ವರ್ಷ ನನ್ನ ಮುಖಕ್ಕೆ ಕರಿಗೆರೆ ಎಳೆದೆ. ಈ ಹಾರ ನೋಡು, ಎಷ್ಟು ಮೃದುವಾಗಿ ತಬ್ಬಿದೆ!" ಎಂದಿತು ಟಿವಿ, ಬೆಲ್ಟಿಗೆ.

"ಮುಂದೆ ಘಾಟಿಯಿದೆ, ಸ್ವಾಮಿ" ಎಂದಿತು ಬೆಲ್ಟು. "ನನ್ನ ಕೊಂಡಿ ನಿಮ್ಮ ಕಾಲಿನ ಹತ್ತಿರವೇ ಇದೆ. ಒಂದಿಷ್ಟು ಇತ್ತ ವಾಲಿ, ಸಿಕ್ಕಿಸಿಕೊಳ್ಳುತ್ತೇನೆ."

"ಹಾರ ಹಾಕಿಸಿಕೊಂಡವನು ನಿನ್ನತ್ತ ವಾಲಬೇಕೆ?"

ಬೆಲ್ಟು ಮಾತ್ರ ಪ್ರತಿ ತಿರುವಿನಲ್ಲೂ ಕೊಂಡಿಯನ್ನು ಟಿವಿಯತ್ತ ಚಾಚುತ್ತಲೇ ಇತ್ತು. ಪ್ರತಿ ಸಲವೂ ಟಿವಿ ಆಚೆ ಸರಿಯಿತು. ಕೊನೆಗೆ ಹಲಗೆಯ ಅಂಚಿಗೆ ಬಂದಾಗ ಅದು ಹೆದರಿ ಕೂಗಿತು: "ಹಾರವೇ, ನನ್ನನ್ನು ಹಿಡಿ!"

"ನಾನು ಜೊತೆಗೆ ಬರಬಲ್ಲೆ, ಸ್ವಾಮಿ" ಎಂದಿತು ಹಾರ. "ಹಿಡಿಯಲಾರೆ."

ಟಿವಿ ಕೆಳಗೆ ಬಿದ್ದ ಸದ್ದಿಗೆ ದ್ಯಾವಪ್ಪ ವ್ಯಾನು ನಿಲ್ಲಿಸಿ ಓಡಿಬಂದ. ಅದನ್ನು ಎತ್ತಿ ವ್ಯಾನಿನ ಗೋಡೆಗೆ ಒರಗಿಸಿದ. ಮುಖ ಒಡೆದಿತ್ತು, ಹಾರ ಕೊರಳಲ್ಲೇ ಇತ್ತು. ತೀರಿಹೋದವರ ಪಟವನ್ನು ಕಂಡವನಂತೆ ಅವನು ತನಗರಿವಿಲ್ಲದೆ ಚಪ್ಪಲಿ ಕಳಚಿ ನಿಂತ.

ಬೆಲ್ಟಿನ ಕೊಂಡಿ ಇನ್ನೂ ಅತ್ತಲೇ ಚಾಚಿಕೊಂಡು ತೂಗುತ್ತಿತ್ತು.