ಬಚ್ಚಲಬಾಯಿಯ ತಂಪುಗೌರಿ

ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿ, ಕೈಯಲ್ಲಿ ಅಕ್ಷತೆ ಹಿಡಿದು, ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಕೂತು ಕೇಳಿರಿ. ತಂಪುಗೌರಿಯ ಕಥೆಯನ್ನು ಓದುವಾಗ ಒಲೆಯ ಮೇಲೆ ಏನೂ ಕುದಿಯುತ್ತಿರಬಾರದು. ಎಲ್ಲರೂ ಇಳಿಸಿಟ್ಟು ಬಂದಿದ್ದೀರಿ ತಾನೆ? ಹಾಗಾದರೆ ಕೇಳಿರಿ.

ಸಿರಿಕೊಳವೆಂಬುದೊಂದು ಊರು. ಊರ ನಡುವೆ ಕಲ್ಲು ಕಟ್ಟಿದ ಕೊಳ, ಕೊಳದ ಮೂಡಣ ದಂಡೆಗೆ ಬಣ್ಣಗಾರರ ಓಣಿ. ಆ ಓಣಿಯ ಕೊನೆಯ ಮನೆಯಲ್ಲಿ ಮಾಳಿಂಗನೆಂಬ ಬಣ್ಣಗಾರನು ತನ್ನ ತಾಯಿ ನೀಲವ್ವ, ಹೆಂಡತಿ ಹಂಪವ್ವ, ಒಬ್ಬಳೇ ಮಗಳು ಚಂದ್ರವ್ವ ಇವರೊಡನೆ ಬಾಳಿಕೊಂಡಿದ್ದನು. ನೂಲಿಗೆ ಕೆಂಪು ಹಾಕುವುದರಲ್ಲಿ ಆ ಮನೆಯನ್ನು ಮೀರಿಸುವವರು ಸುತ್ತಲ ಸೀಮೆಯಲ್ಲಿ ಇರಲಿಲ್ಲ.

ನೀಲವ್ವನಿಗೆ ಒಂದು ನೇಮವಿತ್ತು. ಬಣ್ಣದ ಕೊಪ್ಪರಿಗೆಯಾಗಲಿ, ಅನ್ನ ಬಸಿದ ಗಂಜಿಯಾಗಲಿ, ಬಿಸಿಯಿರುವಾಗ ನೆಲಕ್ಕೆ ಸುರುವುತ್ತಿರಲಿಲ್ಲ. ಮುಚ್ಚಿಟ್ಟು, ಕೈಯಿಟ್ಟು ನೋಡಿ, ಆರಿದ ಮೇಲೆಯೇ ಹಿತ್ತಲ ಗುಂಡಿಗೆ ಬಿಡುತ್ತಿದ್ದಳು. ಆ ಗುಂಡಿಯಲ್ಲಿ ಮರಳು, ಇದ್ದಿಲು ತುಂಬಿ, ಸುತ್ತ ಕೊಳೆನೀರು ಹೀರುವ ಕಾಬಾಳೆಯ ಗಿಡ ಹಚ್ಚಿದ್ದಳು. ಬಣ್ಣವೂ ಸುಣ್ಣವೂ ಅಲ್ಲಿಯೇ ನಿಂತು, ತಿಳಿನೀರು ಮಾತ್ರ ಕೊಳಕ್ಕೆ ಇಳಿಯುತ್ತಿತ್ತು. ಸುರುವುವ ಮುಂಚೆ ಬಚ್ಚಲಬಾಯಿಗೆ ಬಗ್ಗಿ, “ಸರೀರಿ ಯವ್ವಾ, ನೀರು ಬರತೈತಿ” ಎಂದು ಹೇಳಿ, ಅಲ್ಲಿ ಕೂತ ಕಪ್ಪೆ ಹುಳುಗಳು ಸರಿದುಕೊಳ್ಳುವ ತನಕ ನಿಲ್ಲುತ್ತಿದ್ದಳು. ಶುಕ್ರವಾರ ಸಂಜೆ ಅದೇ ಬಚ್ಚಲಬಾಯಿಯಲ್ಲಿ ತಂಪುಗೌರಿಯೆಂದು ಒಂದು ದೀಪ ಹಚ್ಚಿ, ನೆನೆಸಿದ ಹೆಸರುಬೇಳೆ ಎಡೆ ಮಾಡುತ್ತಿದ್ದಳು. ಇಷ್ಟೇ ಅವಳ ವ್ರತ. ಕಾಲ ತುಂಬಿ ಹೋಗುವಾಗ ಸೊಸೆಯ ಕೈಹಿಡಿದು, ಇದೊಂದನ್ನು ಬಿಡಬೇಡವೆಂದು ಹೇಳಿ ಹೋದಳು.

ಹಂಪವ್ವನೂ ಹಾಗೆಯೇ ನಡೆಸಿಕೊಂಡು ಬಂದಳು. ಇಂತಿರಲು, ಆ ಸೀಮೆಯ ರಾಣಿಯು ತನ್ನ ಮಗಳ ಮದುವೆ ನಿಶ್ಚಯಿಸಿ, ಮದುವೆಗೆ ಬೇಕಾದ ಕೆಂಪೆಲ್ಲವೂ ಮಾಳಿಂಗನ ಮನೆಯಿಂದಲೇ ಆಗಬೇಕೆಂದು ನೂಲಿನ ಹೊರೆಗಳನ್ನು ಗಾಡಿ ಗಾಡಿಯಾಗಿ ಕಳಿಸಿದಳು. ಓಣಿಯೆಲ್ಲ ನಿಂತು ನೋಡಿತು. ಹಂಪವ್ವನಿಗೆ ಕಾಲು ನೆಲಕ್ಕೆ ಹತ್ತದಂತಾಯಿತು. ಕೊಪ್ಪರಿಗೆ ಆರುವುದನ್ನು ಕಾಯುತ್ತ ಕೂತರೆ ಇಷ್ಟು ನೂಲು ಯಾವಾಗ ಮುಗಿದೀತು ಎಂದು ಬಗೆದು, ಗುಂಡಿಯ ಒಡ್ಡನ್ನು ಗುದ್ದಲಿಯಿಂದ ಒಡೆದು, ಕಾಬಾಳೆಯನ್ನು ಕಿತ್ತೆಸೆದು, ಕುದಿಯುವ ಕೆಂಪು ನೀರನ್ನು ನೇರ ಕೊಳಕ್ಕೇ ಹರಿಬಿಟ್ಟಳು. ಒಂದು ಕೊಪ್ಪರಿಗೆ ಇಳಿಯಿತೆನ್ನುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ಸರಿಯಿರೆಂದು ಹೇಳುವ ಪುರುಸೊತ್ತೂ ಉಳಿಯಲಿಲ್ಲ. ಆದರೆ ಶುಕ್ರವಾರದ ದೀಪವನ್ನು ಮಾತ್ರ ಬಿಡಲಿಲ್ಲ. ಮಣ್ಣಿನ ಹಣತೆಯ ಜಾಗಕ್ಕೆ ಹಿತ್ತಾಳೆಯ ದೀಪದ ಸಮೆ ಬಂತು, ಹೆಸರುಬೇಳೆಯ ಜಾಗಕ್ಕೆ ಹೋಳಿಗೆ ಬಂತು.

ಒಂದು ಮುಂಜಾನೆ ಬಚ್ಚಲಬಾಯಿಯಲ್ಲಿ ಕಪ್ಪೆಗಳು ಬೆಂದು, ಬಿಳಿ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಹಂಪವ್ವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕಸಬರಿಗೆ ತಂದು ಗುಡಿಸಿ ಹಾಕಿದಳು.

ದಿನ ಕಳೆದಂತೆ ಕೊಳದ ನೀರು ಬೀಟೆಮರದ ಬಣ್ಣಕ್ಕೆ ತಿರುಗಿತು. ಮೀನು ತೇಲಿದವು. ಮೀನಿಲ್ಲದ ಮೇಲೆ ಮಿಂಚುಳ್ಳಿ ಯಾಕೆ ಬಂದೀತು? ನೀರುಕೋಳಿಗಳು ಮರಿಗಳನ್ನು ಕಟ್ಟಿಕೊಂಡು ಎತ್ತಲೋ ಹೊರಟುಹೋದವು. ಸಂಜೆಯಾದರೆ ವಟಗುಟ್ಟುತ್ತಿದ್ದ ದಂಡೆ ಸುಮ್ಮನಾಯಿತು. ಮನೆಮನೆಯ ತೊಟ್ಟಿಯಲ್ಲಿ, ಒರಳಿನಲ್ಲಿ, ಒಡೆದ ಮಡಕೆಯಲ್ಲಿ ಸೊಳ್ಳೆ ಹುಟ್ಟಿತು. ಹುಟ್ಟಿದ್ದನ್ನು ತಿನ್ನುವವರಿಲ್ಲವಾಗಿ ಮುಗಿಲಾಗಿ ಎದ್ದಿತು. ಮೊದಲು ಪಕ್ಕದ ಮನೆಯ ಲಕ್ಕವ್ವನ ಗಂಡನಿಗೆ ನಡುಕದ ಜ್ವರ ಬಂತು, ಆಮೇಲೆ ಓಣಿಗೆಲ್ಲ ಬಂತು, ಕಡೆಗೆ ಚಂದ್ರವ್ವನೂ ಮಲಗಿದಳು.

ಹುಡುಗಿ ಕಂಬಳಿ ಹೊದ್ದು ನಡುಗುವಳು, ಕಂಬಳಿ ಒದ್ದು ಬೇಯುವಳು. ವೈದ್ಯರು ಬಂದು ಕಷಾಯ ಕೊಟ್ಟರು. ಜ್ವರ ಬಿಡುವುದು, ಮತ್ತೆ ಹಿಡಿಯುವುದು. ಹಂಪವ್ವ ಇನ್ನಷ್ಟು ದೊಡ್ಡ ದೀಪ ಹಚ್ಚಿದಳು, ತಂಪುಗೌರಿಗೆ ಜರಿಯ ಖಣ ಏರಿಸಿದಳು. ಏನೂ ಆಗಲಿಲ್ಲ. ಮಗಳ ಕೆನ್ನೆಯ ಮೂಳೆ ಕಾಣಿಸಿತು.

ಹೀಗಿರಲಾಗಿ, ಒಂದು ದಿನ ಹೊತ್ತು ಇಳಿಯುವಾಗ, ಹಿತ್ತಲ ಬಾಗಿಲಿಗೆ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಬಂದು, ಕೂಡುವುದಕ್ಕೆ ಒಂದಿಷ್ಟು ಜಾಗ ಕೇಳಿದಳು. ಹಂಪವ್ವ ನೋಡುತ್ತಾಳೆ, ಮುದುಕಿಯ ಎರಡೂ ಕಾಲು ಹಿಮ್ಮಡಿಯಿಂದ ಮೊಣಕಾಲಿನ ತನಕ ಬೊಬ್ಬೆಯೆದ್ದು ಚರ್ಮ ಸುಲಿದಿವೆ. ಮಗಳ ಚಿಂತೆಯಲ್ಲಿ ಬೆಂದವಳಾದರೂ ಹಂಪವ್ವ ಎದ್ದು ಬಂದು ಅವಳ ಕೈಹಿಡಿದಳು. ಮುದುಕಿಯನ್ನು ಕೂರಿಸಿ, ಲೋಳೆಸರದ ತಿರುಳು ತೆಗೆದು, ಮಂಡಿಯೂರಿ ಕೂತು ಮೆಲ್ಲಗೆ ಸವರತೊಡಗಿದಳು.

“ಯವ್ವಾ, ಇಷ್ಟು ಕುದಿನೀರು ನಿನ್ನ ಕಾಲ ಮ್ಯಾಲೆ ಯಾರು ಸುರುವಿದರು?”

“ನೀನೇ ಸುರುವಿದಿ, ಮಗಳೇ. ನಾನು ಇರೂದು ನಿಮ್ಮ ಬಚ್ಚಲಬಾಯಿಯೊಳಗ.”

ಹಂಪವ್ವನ ಕೈಯಲ್ಲಿದ್ದ ತಿರುಳು ಜಾರಿತು. ಶುಕ್ರವಾರ ಒಂದೂ ತಪ್ಪಿಸದೆ ದೀಪ ಹಚ್ಚಿದೆನಲ್ಲ ತಾಯಿ ಎಂದು ಮೆಲ್ಲಗೆ ಅಂದಳು.

“ಹಚ್ಚೀದಿ. ದೀಪ ಆರೂ ಮೊದಲು ನೀರೂ ಸುರುವಿದಿ. ನಾ ಎಲ್ಲಿ ಕೂಡಲಿ?”

ಹಂಪವ್ವ ಆ ಸುಟ್ಟ ಕಾಲುಗಳ ಮೇಲೆ ಹಣೆ ಇಡಲಾರದೆ, ಅವುಗಳ ಮುಂದಿನ ನೆಲಕ್ಕೆ ಹಣೆಯಿಟ್ಟಳು. ತಪ್ಪು ತನ್ನದು, ಸಿಟ್ಟನ್ನು ತನ್ನ ಮೇಲೆ ತೀರಿಸಿಕೊ, ಮಗುವನ್ನು ಬಿಡು ಎಂದು ಬೇಡಿಕೊಂಡಳು. ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟು, ತನಗೆ ಸಿಟ್ಟಿಲ್ಲವೆಂದಳು. ಸೊಳ್ಳೆ ತಿನ್ನುವವರು ಹೋದರು, ಸೊಳ್ಳೆ ಉಳಿದವು, ಆದದ್ದು ಅಷ್ಟೇ ಎಂದಳು. ವೈದ್ಯರ ಕಷಾಯ ನಿಲ್ಲಿಸಬೇಡ, ನಿಂತ ನೀರು ಎಲ್ಲಿದ್ದರೂ ಚೆಲ್ಲು, ಗುಂಡಿಯನ್ನು ಮೊದಲಿನ ಹಾಗೆ ಕಟ್ಟು, ನಿನ್ನ ಅತ್ತೆ ಮಾಡುತ್ತಿದ್ದುದನ್ನು ಶುಕ್ರವಾರಕ್ಕಷ್ಟೇ ಅಲ್ಲ, ದಿನಾ ಮಾಡು ಎಂದು ಹೇಳಿ, ಬಂದಂತೆಯೇ ಗೋಡೆ ಹಿಡಿದುಕೊಂಡು ಬಚ್ಚಲ ಕಡೆಗೆ ಹೋದಳು. ಹಂಪವ್ವ ಎದ್ದು ನೋಡಿದರೆ ಅಲ್ಲಿ ಯಾರೂ ಇಲ್ಲ, ಕಲ್ಲಿನ ಮೇಲೆ ಲೋಳೆಸರದ ಪಸೆ ಮಾತ್ರ ಹೊಳೆಯುತ್ತಿತ್ತು.

ಮಾಳಿಂಗ ಕೇಳಿ ತಲೆಯ ಮೇಲೆ ಕೈಹೊತ್ತು ಕೂತನು. ಕೊಪ್ಪರಿಗೆ ಆರುವ ತನಕ ಕಾದರೆ ಮದುವೆಗೆ ಕೆಂಪು ಮುಗಿಯುವುದಿಲ್ಲ, ಅರಮನೆಯ ಮುನಿಸು ಕಟ್ಟಿಕೊಂಡು ಬದುಕುವುದು ಹೇಗೆ ಎಂದನು. ಹಂಪವ್ವ ಅಂದಳು:

“ರಾಣಿಗೆ ಈ ಸೀರಿ ತಡಾ ಆದರ ಮತ್ತೊಂದು ಸೀರಿ ಐತಿ. ನಮಗ ಚಂದ್ರಿ ಒಬ್ಬಾಕಿ.”

ಮಾಳಿಂಗ ಎದ್ದು, ರುಮಾಲು ಸುತ್ತಿಕೊಂಡು, ಅರಮನೆಗೆ ಹೋಗಿ ಕೈಮುಗಿದು, ಅರ್ಧ ನೂಲನ್ನಷ್ಟೇ ಮುಗಿಸಬಲ್ಲೆನೆಂದು ಅರಿಕೆ ಮಾಡಿದನು. ಅರಮನೆಯ ಕೆಲಸ ನೋಡಿಕೊಳ್ಳುವ ಪಾರುಪತ್ಯಗಾರನು ಉರಿದುಬಿದ್ದು, ಉಳಿದ ಹೊರೆಗಳನ್ನು ಹೇರಿಸಿಕೊಂಡು ಪರವೂರಿನ ಬಣ್ಣಗಾರರಿಗೆ ಕೊಡಿಸಿದನು. ತುಂಬಿದ ಗಾಡಿಗಳು ಬಂದ ದಾರಿಯಲ್ಲೇ ತುಂಬಿ ಹೋದವು. ಓಣಿ ಅದನ್ನೂ ನಿಂತು ನೋಡಿತು.

ಹಂಪವ್ವ ತಾನೇ ಗುದ್ದಲಿ ಹಿಡಿದು ಒಡ್ಡು ಕಟ್ಟಿದಳು. ಮರಳು ಹೊತ್ತಳು, ಇದ್ದಿಲು ಹಾಸಿದಳು, ಹಳ್ಳದ ಬದಿಯಿಂದ ಕಾಬಾಳೆಯ ಗಡ್ಡೆ ತಂದು ನೆಟ್ಟಳು. ತೊಟ್ಟಿಯನ್ನು ದಿನಾ ತಿಕ್ಕಿ ನೀರು ಬದಲಿಸಿ, ಜೇನುಹುಳು ಕೂತು ಕುಡಿಯಲೆಂದು ಒಂದು ಕಡ್ಡಿಯನ್ನು ತೇಲಿಬಿಟ್ಟಳು. ಓಣಿಯ ಮನೆಮನೆಗೂ ಹೋಗಿ ಕುದಿನೀರು ಸುರುವಬೇಡಿರೆಂದು ಕೇಳಿಕೊಂಡಳು. ಒಡ್ಡು ಒಡೆದವಳೇ ಬುದ್ಧಿ ಹೇಳಲು ಬಂದಳೆಂದು ಕೆಲವರು ಮುಖ ತಿರುಗಿಸಿದರು. ಅವಳು ಹೌದು, ಒಡೆದವಳು ನಾನೇ ಎಂದು ಒಪ್ಪಿಕೊಂಡು ಮುಂದಿನ ಮನೆಗೆ ಹೋದಳು. ಲಕ್ಕವ್ವ ಮಾತ್ರ ತನ್ನ ಗುದ್ದಲಿ ತೆಗೆದುಕೊಂಡು ಹೊರಗೆ ಬಂದಳು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು. ಹೀಗೆ ಮಳೆಗಾಲ ಹಿಡಿಯುವಷ್ಟರಲ್ಲಿ ಓಣಿಯುದ್ದಕ್ಕೂ ಗುಂಡಿಗಳಾದವು.

ಚಂದ್ರವ್ವನ ಜ್ವರ ಒಮ್ಮೆಗೇ ಬಿಡಲಿಲ್ಲ. ಕಷಾಯ ಕುಡಿಯುತ್ತ, ಸೊಳ್ಳೆ ಕಡಿಮೆಯಾಗುತ್ತ, ನಡುಕ ಬರುವುದು ತಡವಾಗುತ್ತ ಹೋಯಿತು. ಮಳೆ ಬಿದ್ದು ಕೊಳ ಕೋಡಿಹರಿದು ಕೆಂಪು ತೊಳೆದುಹೋಯಿತು. ಒಂದು ಸಂಜೆ ಹಂಪವ್ವ ಆರಿದ ಗಂಜಿಯ ಮಡಕೆ ಹಿಡಿದು ಬಚ್ಚಲಬಾಯಿಗೆ ಬಂದರೆ, ಅಲ್ಲಿ ಹೆಬ್ಬೆರಳಿನಷ್ಟು ಕಪ್ಪೆಯೊಂದು ಗಂಟಲು ಮಿಡಿಸುತ್ತ ಕೂತಿತ್ತು. ಅವಳು ಅತ್ತೆಯ ಮಾತು ಹೇಳಿ, ಮಡಕೆ ಕಂಕುಳಲ್ಲೇ ಇಟ್ಟುಕೊಂಡು ಕಾದಳು. ಅಷ್ಟರಲ್ಲಿ ಕೊಳದ ದಂಡೆಯಿಂದ ಒಂದು ದನಿ ಎದ್ದಿತು, ಅದಕ್ಕೆ ಇನ್ನೊಂದು ಓಗೊಟ್ಟಿತು. ಒಳಗೆ ಮಲಗಿದ್ದ ಚಂದ್ರವ್ವ ಬಹಳ ದಿನಕ್ಕೆ ತಾನಾಗಿ ಎದ್ದು ಕೂತು, “ಅವ್ವಾ, ಬಂದಾವ” ಎಂದಳು. ಹಂಪವ್ವ ಮಡಕೆಯನ್ನು ಅಲ್ಲಿಯೇ ಇಳಿಸಿ, ಒಳಗೆ ಹೋಗಿ ಮಗಳನ್ನು ಅಪ್ಪಿಕೊಂಡಳು.

ಅತ್ತ ರಾಜಕುಮಾರಿಯ ಮದುವೆಯಾಯಿತು. ಸಡಗರದ ಬೆವರಿಗೆ ಪರವೂರಿನ ಕೆಂಪೆಲ್ಲ ಬಿಟ್ಟು ಬೀಗರ ಬೆನ್ನು, ಭುಜ, ಬಿಳಿಯ ಹಾಸು ಎಲ್ಲವೂ ಕೆಂಪಾದವು. ಮಾಳಿಂಗನ ಕೆಂಪು ಮಾತ್ರ ಎಳೆಯಷ್ಟೂ ಬಿಡಲಿಲ್ಲ. ರಾಣಿಯು ಅವನನ್ನು ಕರೆಸಿ ಕಾರಣ ಕೇಳಿದಳು. ಕುದಿನೀರು ಸುರುವುವಂತಿಲ್ಲವಾದ್ದರಿಂದ ಕೊಪ್ಪರಿಗೆ ತಾನಾಗಿ ಆರುವ ತನಕ ನೂಲನ್ನು ಅದರಲ್ಲೇ ಬಿಟ್ಟಿದ್ದೆವು, ಬಣ್ಣ ಎಳೆಯ ಒಳಕ್ಕೆ ಇಳಿಯಿತು ಎಂದು ಅವನು ನಡೆದುದನ್ನೆಲ್ಲ ಅರಿಕೆ ಮಾಡಿದನು. ರಾಣಿಯು ಅರಮನೆಯ ಅಡುಗೆಮನೆಯ ಬಚ್ಚಲು ಎಲ್ಲಿಗೆ ಹರಿಯುತ್ತದೆಂದು ವಿಚಾರಿಸಿ, ಅಂದೇ ಗುಂಡಿ ತೋಡಿಸಿದಳು. ಅರಮನೆಯ ಕೆಂಪಿನ ಕೆಲಸ ಅಂದಿನಿಂದ ಸಿರಿಕೊಳದ ಓಣಿಗೆಲ್ಲ ಹಂಚಿಹೋಯಿತು. ಜ್ವರಕ್ಕೆ ಉದುರಿದ್ದ ಚಂದ್ರವ್ವನ ಕೂದಲು ಮತ್ತೆ ದಟ್ಟವಾಗಿ ಬೆಳೆದು, ಅವಳು ಮದುವೆಯಾಗಿ, ಹೋದ ಮನೆಗೂ ಈ ನೇಮವನ್ನು ಒಯ್ದು ಮಕ್ಕಳು ಮೊಮ್ಮಕ್ಕಳೊಡನೆ ತಂಪಾಗಿ ಬಾಳಿದಳು.

ಇದು ತಂಪುಗೌರಿಯ ಕಥೆ. ಇದನ್ನು ಓದಿದವರ ಮನೆಯ ಮಕ್ಕಳಿಗೆ ಜ್ವರ ತಾಗದಿರಲಿ, ಕೇಳಿದವರ ಬಾವಿ ತಿಳಿಯಾಗಿರಲಿ, ಕೈಕೆಲಸದ ನಡುವೆ ಅರ್ಧ ಕೇಳಿದವರಿಗೂ ಪೂರ್ತಿ ಫಲ ಬರಲಿ. ಈ ದೀಪದ ಹಿಂದೆ ಗೋಡೆಗೆ ಅಂಟಿಕೊಂಡು ಕೇಳುತ್ತಿರುವ ಹಲ್ಲಿಗೂ, ಎಡೆಯ ಬೇಳೆ ಹೊತ್ತು ಸಾಲಾಗಿ ಹೋಗುತ್ತಿರುವ ಇರುವೆಗೂ ಅದೇ ಫಲ ಸಲ್ಲಲಿ. ಅಕ್ಷತೆ ಹಾಕಿರಿ; ಇರುವೆಯ ಸಾಲು ನೋಡಿಕೊಂಡು ಏಳಿರಿ.