ಗುಡುಗಪ್ಪನಿಗೆ ಬಿದ್ದ ಎಲೆಗಳು

ಕರಿಬಂಡೆ ಕಾಡಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು, ಮಕ್ಕಳೇ. ಹಳ್ಳದ ಈಚೆ ದಂಡೆಯಲ್ಲಿ ಅಳಿಲು, ಮೊಲ, ಮುಳ್ಳುಹಂದಿ, ಕಾಡುಕೋಳಿಗಳ ಮನೆ. ಆಚೆ ದಂಡೆಯಲ್ಲಿ ಆಮೆ, ಜಿಂಕೆ, ಮುಸುವಗಳ ಮನೆ.

ಆ ಕಾಡಿಗೆ ರಾಜ ಅಂತ ಯಾರೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಎಲ್ಲರೂ ಆಚೆ ದಂಡೆಯ ದೊಡ್ಡ ಬಂಡೆಯ ಬಳಿ ಸಭೆ ಸೇರುತ್ತಿದ್ದರು. ಏನೇ ವಿಷಯ ಬರಲಿ, ಗಂಟಲು ಹರಿಯುವಷ್ಟು ವಾದ ಮಾಡಿ, ಕೊನೆಗೆ ಒಬ್ಬೊಬ್ಬರೂ ಒಂದೊಂದು ಎಲೆ ತಂದು ಹಾಕುತ್ತಿದ್ದರು. ಹಸಿರೆಲೆ ಎಂದರೆ ‘ಹೂಂ’, ಒಣಗಿದೆಲೆ ಎಂದರೆ ‘ಊಹೂಂ’. ಯಾವ ಗುಡ್ಡೆ ದೊಡ್ಡದೋ ಅದೇ ತೀರ್ಮಾನ. ಜಿಂಕೆಗೂ ಒಂದೇ ಎಲೆ, ಇಲಿಗೂ ಒಂದೇ ಎಲೆ.

ಈಚೆ ದಂಡೆಯ ನೇರಳೆ ಮರದ ಪೊಟರೆಯಲ್ಲಿ ಚಿಟುಕಿ ಎಂಬ ಅಳಿಲು ತನ್ನ ಮೂರು ಮರಿಗಳೊಂದಿಗೆ ಇದ್ದಳು. ಸಭೆ ಎಂದರೆ ಅವಳಿಗೆ ಪ್ರಾಣ. ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಹೆಚ್ಚು ಮಾತಾಡಿ ಬರುತ್ತಿದ್ದಳು.

ಒಂದು ವರ್ಷ ಮರಗಳೆಲ್ಲ ಹೂ ಬಿಟ್ಟ ಹೊತ್ತಿಗೆ ಸರಿಯಾಗಿ ಬಿರುಗಾಳಿ ಎದ್ದಿತು. ಅಬ್ಬಬ್ಬಾ, ಅದೆಂಥ ಗಾಳಿ! ಆಚೆ ದಂಡೆಗೆ ಬೆಟ್ಟದ ಮರೆ ಇತ್ತು, ಅಲ್ಲಿನ ಮರಗಳು ಉಳಿದುಕೊಂಡವು. ಈಚೆ ದಂಡೆಯ ನೇರಳೆ, ಮಾವು, ಬೋರೆ, ಎಲ್ಲದರ ಹೂವೂ ನೆಲಕ್ಕೆ. ಹೂವಿಲ್ಲದ ಮೇಲೆ ಕಾಯಿ ಎಲ್ಲಿಂದ ಬರಬೇಕು?

ಚಿಟುಕಿ ಬೇರು ಕೆದಕಿದಳು, ತೊಗಟೆ ಕಡಿದಳು. ಮರಿಗಳ ಹೊಟ್ಟೆ ಬೆನ್ನಿಗೆ ಹತ್ತಿತು. ಅವಳು ಸಭೆಗೆ ಓಡಿ ಹೋಗಿ ಕೂಗಿದಳು: “ಮಂದಜ್ಜ, ನಿಮ್ಮ ಕಡೆ ಅತ್ತಿಹಣ್ಣು ನೆಲಕ್ಕೆ ಬಿದ್ದು ಕೊಳೀತಿದೆ. ಈ ವರ್ಷ ಒಂದು ಪಾಲು ನಮಗೂ ಕೊಡಿಸಿ. ಮುಂದಿನ ವರ್ಷ ನಮ್ಮ ಬೋರೆಹಣ್ಣು ನಿಮಗೆ!”

ಮಂದಜ್ಜ ಎಂದರೆ ಸಭೆಯ ಹಿರಿಯ, ಮುದಿ ಆಮೆ. ಒಳ್ಳೆಯವನೇ. ಆದರೆ ಅವನ ಮೂತಿಯ ಮುಂದೆಯೇ ಹಣ್ಣು ಉದುರುತ್ತಿತ್ತು, ಹಸಿವಿನ ಅವಸರ ಅವನಿಗೆ ಗೊತ್ತಿರಲಿಲ್ಲ. “ಆಗಲಿ ಮಗಳೇ, ಮುಂದಿನ ಸಭೆಯಲ್ಲಿ ನೋಡೋಣ” ಎಂದ.

ಮುಂದಿನ ಸಭೆಯಲ್ಲಿ, ಬಂಡೆಯ ನೆರಳಿನಲ್ಲಿ ಯಾರು ಕೂರಬೇಕು ಎಂದು ಜಿಂಕೆಗೂ ಮುಸುವಕ್ಕೂ ಜಗಳವಾಗಿ ಹೊತ್ತು ಏರಿಹೋಯಿತು. ಅದರ ಮುಂದಿನ ಸಭೆಯಲ್ಲಿ ಮಂದಜ್ಜ, “ಗಾಳಿ ಬೀಸಿದ್ದಕ್ಕೆ ನಾವೇನು ಮಾಡೋಕಾಗುತ್ತೆ?” ಎಂದು ತಲೆ ಒಳಗೆಳೆದುಕೊಂಡ.

ಚಿಟುಕಿಯ ಮೈಯೆಲ್ಲ ಉರಿದುಹೋಯಿತು. “ಇನ್ನು ಈ ಸಭೆಗೆ ನಾನು ಕಾಲಿಡೋದೇ ಇಲ್ಲ!” ಎಂದು ಹಿಂತಿರುಗಿದಳು.

ಆಗ ಬಂದ ನೋಡಿ ಗುಡುಗಪ್ಪ!

ಗುಡುಗಪ್ಪ ಒಂದು ಕಾಡುಹಂದಿ. ಕಪ್ಪು ಮೈ, ಬಾಗಿದ ಕೋರೆ, ಗುಡುಗಿನಂಥ ಗಂಟಲು. ಹಿಂದೆ ನಾಲ್ಕು ತೋಳಗಳ ಪಟಾಲಂ. ಅವನು ಈಚೆ ದಂಡೆಯ ಹುತ್ತದ ಮೇಲೆ ನಿಂತು ಅಬ್ಬರಿಸಿದ: “ಅಣ್ಣಂದಿರಾ, ಅಕ್ಕಂದಿರಾ! ನಿಮ್ಮ ಮಕ್ಕಳು ಉಪವಾಸ, ಆಚೆ ದಂಡೆಯವರು ತಿಂದು ತೇಗ್ತಿದ್ದಾರೆ. ಸರಿಯಾ ಇದು?”

“ಅಲ್ಲ! ಅಲ್ಲ!” ಎಂದು ಎಲ್ಲರೂ ಕಿರುಚಿದರು. ಚಿಟುಕಿ ಹುತ್ತದ ಹತ್ತಿರಕ್ಕೆ ಜಿಗಿದಳು. ಅವಳ ಹೊಟ್ಟೆಯ ಮಾತನ್ನು ಬೇರೊಬ್ಬರು ಆಡಿದ್ದು ಅದೇ ಮೊದಲು.

“ನಿಮ್ಮ ಹಣ್ಣು ತಿಂದವರು ಯಾರು? ಬೆಟ್ಟದಾಚೆಯಿಂದ ಬರೋ ಆ ಗೊರವಂಕ ಹಕ್ಕಿಗಳು! ಓಡಿಸೋಣ ಅವನ್ನ! ಮೂರೇ ದಿನ ಸಾಕು, ನಿಮ್ಮ ಹೊಟ್ಟೆ ತುಂಬಿಸ್ತೀನಿ. ಆದರೆ ಈ ಸಭೆ, ಈ ಎಲೆ, ಈ ವಟವಟ ಎಲ್ಲ ನಿಲ್ಲಬೇಕು. ನಾನು ಹೇಳಿದ್ದೇ ಆಗಬೇಕು!”

ಪಕ್ಕದ ಬಿಲದ ಮುಳ್ಳುಹಂದಿ ಸೂಜಕ್ಕ ಚಿಟುಕಿಯ ಕಿವಿಯಲ್ಲಿ ಪಿಸುಗುಟ್ಟಿದಳು: “ಹೂ ಉದುರಿಸಿದ್ದು ಗಾಳಿ ಅಲ್ಲವೇನೇ?”

ಅದು ಚಿಟುಕಿಗೂ ಗೊತ್ತಿತ್ತು. ಆದರೆ ಗಾಳಿಯನ್ನು ಬೈದರೆ ಅದಕ್ಕೆ ಕೇಳಿಸುವುದಿಲ್ಲ. ಗೊರವಂಕ ಎದುರಿಗೇ ಕೂತಿರುತ್ತದೆ, ಬೈದರೆ ಮುಖ ಸಣ್ಣದು ಮಾಡಿಕೊಳ್ಳುತ್ತದೆ. “ಯಾರು ಉದುರಿಸಿದ್ರೆ ಏನಕ್ಕಾ,” ಎಂದಳು, “ನನ್ನ ಕಿರಿ ಮರಿ ಎರಡು ದಿನದಿಂದ ಕಣ್ಣು ಬಿಟ್ಟಿಲ್ಲ.”

ಗುಡುಗಪ್ಪ ರಾಜನಾಗಬೇಕೋ ಬೇಡವೋ ಎಂದು ಮರುದಿನವೇ ಸಭೆ ಕರೆದು ಎಲೆ ಹಾಕುವ ಗಲಾಟೆ ನೋಡಬೇಕಿತ್ತು! ಇಡೀ ಈಚೆ ದಂಡೆಯೇ ಹಳ್ಳ ದಾಟಿ ಬಂತು. ಆಚೆ ದಂಡೆಯವರಲ್ಲಿ ಅರ್ಧ ಜನ ಊಟದ ಮೇಲೆ ತೂಕಡಿಸುತ್ತಿದ್ದರು, ಬರಲೇ ಇಲ್ಲ. ಚಿಟುಕಿ ಬಂಡೆಯ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ಕಣ್ಣು ಮುಚ್ಚಿ ಹಸಿರೆಲೆಯನ್ನೇ ಹಾಕಿದಳು. ಗುಡುಗಪ್ಪ ರಾಜನಾದ!

ಸುಳ್ಳು ಹೇಳಬಾರದು ಮಕ್ಕಳೇ, ಮೊದಲ ಮೂರು ದಿನ ಹಬ್ಬವೇ ಹಬ್ಬ. ತೋಳಗಳು ಆಚೆ ದಂಡೆಯ ಹಣ್ಣನ್ನೆಲ್ಲ ಹೊತ್ತು ತಂದು ರಾಶಿ ಹಾಕಿದವು. ಚಿಟುಕಿಯ ಕಿರಿ ಮರಿ ಹಣ್ಣು ತಿಂದು ಬಾಲ ಅಲ್ಲಾಡಿಸಿದಾಗ ಅವಳು ಕುಣಿದಾಡಿಬಿಟ್ಟಳು. “ನೋಡಿದ್ಯಾ ಸೂಜಕ್ಕ? ಮಾತಾಡೋರು ಬೇರೆ, ಮಾಡೋರು ಬೇರೆ!” ಗೊರವಂಕಗಳನ್ನು ಕಾಡಿನಿಂದ ಅಟ್ಟಿದಾಗ ಅವಳೂ ಜೊತೆಗೆ ಕೂಗಿದಳು.

ನಾಲ್ಕನೆಯ ದಿನ ರಾಶಿಯ ಸುತ್ತ ತೋಳಗಳ ಕಾವಲು ಬಂತು. ಒಂದು ಮನೆಗೆ ಒಂದೇ ಹಣ್ಣು ಎಂದಾಯಿತು. ಎಂಟನೆಯ ದಿನ ಅದು ಅರ್ಧ ಹಣ್ಣಾಯಿತು. ಗುಡುಗಪ್ಪನ ಹೊಟ್ಟೆ ಮಾತ್ರ ನೆಲ ಮುಟ್ಟುತ್ತಿತ್ತು. ಸಭೆಯ ಬಂಡೆಗೆ ಅವನು ಬೆನ್ನು ಉಜ್ಜಿಕೊಳ್ಳುತ್ತಿದ್ದ.

ಗೊರವಂಕಗಳು ಹೋದದ್ದೇ ತಡ, ಕಂಬಳಿಹುಳುಗಳಿಗೆ ಕೇಳುವವರೇ ಇಲ್ಲದಂತಾಯಿತು. ಆ ಹಕ್ಕಿಗಳು ವರ್ಷ ವರ್ಷ ಬಂದು ನಾಲ್ಕು ಹಣ್ಣು ತಿಂದರೆ ನಾನೂರು ಹುಳು ಹೆಕ್ಕುತ್ತಿದ್ದವು. ಈಗ ಹುಳುಗಳು ಎರಡೂ ದಂಡೆಯ ಮರ ಹತ್ತಿ, ಕರಕರ ಎಂದು ಎಲೆಯೆಲ್ಲ ಮುಕ್ಕಿದವು.

ಚಿಟುಕಿ ನೇರವಾಗಿ ಹೋಗಿ ಕೇಳಿದಳು: “ಒಡೆಯಾ, ಮೂರು ದಿನದಲ್ಲಿ ಹೊಟ್ಟೆ ತುಂಬಿಸ್ತೀನಿ ಅಂದಿದ್ರಿ. ರಾಶಿಯಲ್ಲಿ ಇನ್ನೆಷ್ಟಿದೆ, ಎಲ್ಲರ ಮುಂದೆ ತೋರಿಸ್ತೀರಾ?”

“ಯಾರು ಹೇಳಿಕೊಟ್ರು ನಿನಗೆ? ಗೊರವಂಕನಾ?” ಗುಡುಗಪ್ಪ ನೆಲ ಕೆರೆದ. “ಇವತ್ತಿಂದ ಇವಳ ಮನೆಗೆ ಹಣ್ಣಿಲ್ಲ!”

ಸುತ್ತ ನಿಂತವರು ತಮ್ಮ ತಮ್ಮ ಅರ್ಧ ಹಣ್ಣು ಹಿಡಿದು ಮನೆಗೆ ಸರಿದರು. ಹಿಂದೆ ಮಂದಜ್ಜ ತನ್ನ ಮಾತು ಕೇಳಲಿಲ್ಲವೆಂದು ಅವಳು ಸಿಟ್ಟಾಗಿದ್ದಳು, ನಿಜ. ಆದರೆ ಆಗ ಬೈಯುವುದಕ್ಕೆ ಒಂದು ಜಾಗವಿತ್ತು. ಈಗ ಆ ಜಾಗವೂ ಹೋಗಿತ್ತು. ಅದನ್ನು ಕಳೆಯುವುದಕ್ಕೆ ತಾನೂ ಒಂದು ಎಲೆ ಹಾಕಿದ್ದಳು. ಸೂಜಕ್ಕನ ಬಿಲದ ಬಾಯಲ್ಲಿ ಕೂತು ಅತ್ತಳು.

ಸೂಜಕ್ಕ ತನ್ನ ಪಾಲಿನ ಅರ್ಧ ಹಣ್ಣನ್ನು ಮರಿಗಳ ಮುಂದಿಟ್ಟಳು. “ಎಲ್ಲರಿಗೂ ಅವನೇ ಬೇಕಂತೆ ಕಣೇ. ನಾನೊಬ್ಬಳೇ ಬೇಡ ಅಂದ್ರೆ ಏನು ಬಂತು ಅಂತ ಸುಮ್ಮನಿದ್ದೀನಿ.”

ಚಿಟುಕಿ ತಟ್ಟನೆ ತಲೆ ಎತ್ತಿದಳು. “ನಾನೂ ಹಾಗೇ ಅಂದ್ಕೊಂಡಿದ್ದೆ! ಹಾಗಾದ್ರೆ ಮೊಲವೂ ಹಾಗೇ ಅಂದ್ಕೊಂಡಿರಬಹುದು. ಕಾಡುಕೋಳಿಯೂ! ಅಕ್ಕಾ, ಒಂದೇ ಒಂದು ಸಲ ಎಣಿಸಿ ನೋಡಬೇಕು!”

ಮರುದಿನ ಬೆಳಗ್ಗೆ ಅವಳು ಗುಡುಗಪ್ಪನ ಮುಂದೆ ಬಗ್ಗಿ ನಿಂತಳು. “ತಪ್ಪಾಯ್ತು ಒಡೆಯಾ. ಆದರೆ ನನ್ನ ಹೊಟ್ಟೆ ಉರೀತಿದೆ. ನಮ್ಮ ರಾಜನನ್ನು ಕಂಡರೆ ಪ್ರಜೆಗಳಿಗೆ ಬರೀ ಹೆದರಿಕೆ, ಪ್ರೀತಿ ಇಲ್ಲ ಅಂತ ಪಕ್ಕದ ಕಾಡಿನವರು ನಗ್ತಾರಂತೆ!”

“ಏನಂದೆ?”

“ಒಂದು ಸಲ ಎಲೆ ಹಾಕಿಸಿಬಿಡಿ ಒಡೆಯಾ. ಹಸಿರೆಲೆಯ ಗುಡ್ಡ ನೋಡಿ ಅವರ ಬಾಯಿ ಮುಚ್ಚಲಿ.”

ಗುಡುಗಪ್ಪನ ಕಿವಿ ನಿಮಿರಿತು. ಹೊಗಳಿಕೆ ಎಂದರೆ ಅವನಿಗೆ ಕೆಸರಿಗಿಂತ ಇಷ್ಟ. “ಈಗಲೇ ಹಾಕಲಿ! ನನ್ನ ಕಣ್ಣೆದುರಿಗೇ!”

ಡಂಗುರ ಹೊರಟಿತು. ಎರಡೂ ದಂಡೆಯವರು ಬಂಡೆಯ ಬಳಿ ಸಾಲು ನಿಂತರು. ಗುಡುಗಪ್ಪ ಕೋರೆ ಮಸೆಯುತ್ತ ಕೂತಿದ್ದ. ಯಾರೂ ಮುಂದೆ ಹೆಜ್ಜೆ ಇಡಲಿಲ್ಲ. ಚಿಟುಕಿ ಒಂದೇ ನೆಗೆತಕ್ಕೆ ಬಂಡೆ ಏರಿ, ಎಲ್ಲರಿಗೂ ಕಾಣುವಂತೆ ಒಣಗಿದೆಲೆ ಇಟ್ಟಳು.

ಗುಡುಗಪ್ಪ ಬುಸುಗುಟ್ಟುವಷ್ಟರಲ್ಲಿ ಸೂಜಕ್ಕ ಬಂದಳು. ಒಣಗಿದೆಲೆ! ಮೊಲ ಬಂತು. ಒಣಗಿದೆಲೆ! ಕಾಡುಕೋಳಿ, ಜಿಂಕೆ, ಮುಸುವ, ಇಲಿ, ಒಂದರ ಹಿಂದೆ ಒಂದು, ಆಮೇಲೆ ನುಗ್ಗಿ ನುಗ್ಗಿ! ಗುಡ್ಡೆ ಬೆಳೆಯಿತು, ಬೆಳೆಯಿತು, ಗುಡುಗಪ್ಪನ ಕೋರೆಯ ಎತ್ತರಕ್ಕೆ ಬಂತು!

“ಹಸಿರೆಲೆ ಎಲ್ಲಿ?” ಎಂದು ಅವನು ಕಿರುಚಿದ.

“ಕಾಡಲ್ಲಿ ಹಸಿರೆಲೆ ಎಲ್ಲಿ ಉಳಿಸಿದ್ದೀಯಪ್ಪಾ?” ಎಂದಳು ಸೂಜಕ್ಕ.

ಘೊಳ್ಳೆಂದು ನಗು ಎದ್ದಿತು. ನಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರೆ, ನಾವು ಇಷ್ಟೊಂದು ಜನ ಇದ್ದೇವೆ!

ಗುಡುಗಪ್ಪ ಚಿಟುಕಿಯ ಮೇಲೆ ನುಗ್ಗಿದ. ಸೂಜಕ್ಕ ಗಕ್ಕನೆ ಅಡ್ಡ ಬಂದು, ಬೆನ್ನು ತಿರುಗಿಸಿ ಮುಳ್ಳು ಕೆದರಿ ನಿಂತಳು. ಅಯ್ಯಯ್ಯೋ! ಹನ್ನೊಂದು ಮುಳ್ಳು ನೆಟ್ಟಗೆ ಅವನ ಮೂತಿಗೆ! ಜಿಂಕೆ ಕೊಂಬು ಬಗ್ಗಿಸಿತು, ಮುಸುವಗಳು ಕಲ್ಲು ಎಸೆದವು. ಗುಡ್ಡೆಯ ಎತ್ತರ ಕಂಡಾಗಲೇ ತೋಳಗಳು ಕಾಲಿಗೆ ಬುದ್ಧಿ ಹೇಳಿದ್ದವು. ಗುಡುಗಪ್ಪನೂ ಕಿರ್ರೋ ಎಂದು ಅರಚುತ್ತ ಬೆಟ್ಟ ದಾಟಿದ. ಕಾಡಿಗೆ ಕಾಡೇ ಕುಣಿಯಿತು!

ಉಳಿದಿದ್ದ ಹಣ್ಣನ್ನು ಅಂದೇ ಎಲ್ಲರೂ ಸಮನಾಗಿ ಹಂಚಿಕೊಂಡರು. ಗೊರವಂಕಗಳನ್ನು ಮರಳಿ ಕರೆಯಲು ಚಿಟುಕಿ ತಾನೇ ಹೋದಳು. “ನಾನೂ ನಿಮ್ಮನ್ನು ಅಟ್ಟಿದವಳೇ. ತಪ್ಪಾಯ್ತು” ಎಂದು ತಲೆ ತಗ್ಗಿಸಿ ನಿಂತಳು. ಅವು ತುಸು ಮುನಿಸಿಕೊಂಡವು, ಆಮೇಲೆ ಬಂದವು.

ಮುಂದಿನ ಸಭೆ ಈಚೆ ದಂಡೆಯಲ್ಲೇ ನಡೆಯಬೇಕೆಂದು ಚಿಟುಕಿ ಹಟ ಹಿಡಿದಳು. ಎಲ್ಲರೂ ಸೇರಿದರು, ಮಂದಜ್ಜ ಮಾತ್ರ ಇಲ್ಲ. ಹೊತ್ತು ನೆತ್ತಿಗೆ ಬಂತು. ಅಷ್ಟರಲ್ಲಿ ಹಳ್ಳದ ಏರಿಯ ಮೇಲೆ ಮುದಿ ತಲೆಯೊಂದು ಕಂಡಿತು. ಮಂದಜ್ಜ! ಇಷ್ಟು ವರ್ಷದಲ್ಲಿ ಅವನು ಈಚೆ ದಂಡೆಗೆ ಕಾಲಿಟ್ಟದ್ದೇ ಇಲ್ಲ. ಬೋಳು ಮರಗಳ ಕೆಳಗೆ ಕಾದ ನೆಲದ ಮೇಲೆ ಒಂದೊಂದೇ ಹೆಜ್ಜೆ ಎತ್ತಿಡುತ್ತ, ಏದುಸಿರು ಬಿಡುತ್ತ ಬಂದ. ಚಿಟುಕಿಯ ಮರಿಗಳ ಎಣಿಸಬಹುದಾದ ಪಕ್ಕೆಲುಬುಗಳನ್ನು ಕಂಡು ನಿಂತೇಬಿಟ್ಟ.

“ನಮ್ಮ ಹಳ್ಳದ ಪಕ್ಕದಲ್ಲೇ ಹೀಗಿತ್ತಾ ಮಗಳೇ? ನಾನು ‘ಮುಂದಿನ ಸಭೆ, ಮುಂದಿನ ಸಭೆ’ ಅಂತಿದ್ದೆನಲ್ಲ!” ಅವನ ಕಣ್ಣು ತುಂಬಿ ಬಂತು.

“ಮೊದಲು ನೀರು ಕುಡಿ ಅಜ್ಜಾ,” ಎಂದಳು ಚಿಟುಕಿ. “ಆಮೇಲೆ ನಿನ್ನನ್ನ ಸರಿಯಾಗಿ ಬೈಯೋದಿದೆ. ಈಗ ಬೈಯಬಹುದಲ್ಲ!”

ಮಂದಜ್ಜ ನೀರು ಕುಡಿದು, ತಲೆಯನ್ನು ಪೂರ್ತಿ ಹೊರಗೆ ಚಾಚಿ, ಕೇಳಲು ಕೂತ.

ನೀತಿ: ಹಸಿದವರ ಕೂಗನ್ನು ಸಭೆ ಕೇಳದಿದ್ದರೆ ಅವರು ಗಟ್ಟಿ ಗಂಟಲಿನವನ ಹಿಂದೆ ಹೋಗುತ್ತಾರೆ. ಆದರೆ ‘ಅನ್ನ ಕೊಡುತ್ತೇನೆ, ಬಾಯಿ ಮುಚ್ಚಿ’ ಎನ್ನುವವನು ಕೊನೆಗೆ ಅನ್ನವನ್ನೂ ಕೊಡುವುದಿಲ್ಲ, ಬಾಯಿ ತೆರೆಯಲೂ ಬಿಡುವುದಿಲ್ಲ.